ಒಂಟಿ ಜನರ ಸಣ್ಣಕತೆ: ಅವರು ಹೂಡುವ ನೆಪ ಯಾವುದು?

ಬದಿಯಡ್ಕದ ಓದುಗ:
ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ಏಳೆಂಟು ಜನ ಸೇರಿ ತಿಂಗಳಿಗೊಮ್ಮೆ ಕತೆ ಓದುತ್ತೇವೆ. ದೊಡ್ಡ ಸಂಘ ಅಂತೇನೂ ಇಲ್ಲ. ಯಾರದ್ದಾದರೂ ಜಗಲಿ, ಚಹಾ, ಗೋಳಿಬಜೆ, ಆಮೇಲೆ ಸ್ವಲ್ಪ ಜಗಳ. ಈ ತಿಂಗಳು ಎಲ್ಲರೂ ಒಂದೊಂದು ಸಣ್ಣಕತೆ ಬರೆದು ತರಬೇಕು ಅಂತ ಮಾತಾಗಿತ್ತು. ವಿಷಯ ಕೊಟ್ಟಿರಲಿಲ್ಲ. ಆದರೂ ಬಂದ ಏಳು ಕತೆಗಳಲ್ಲಿ ಐದು ಒಂಟಿಯಾಗಿ ಇರುವವರದ್ದು. ಅದರಲ್ಲಿ ಆಶ್ಚರ್ಯ ಇಲ್ಲ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಅಂತ ಹೋಗಿ, ಎಂಟು ಕೋಣೆಯ ಮನೆಯಲ್ಲಿ ಒಬ್ಬರೇ ಉಳಿದವರು ನಮ್ಮೂರಲ್ಲಿ ಬೇಕಾದಷ್ಟು ಇದ್ದಾರೆ.

ನನ್ನ ತಕರಾರು ಬೇರೆ. ಐದು ಕತೆಯಲ್ಲೂ ಮುದುಕರು ಕಿಟಕಿ ಹತ್ತಿರ ಕೂತಿದ್ದಾರೆ. ಹೊರಗೆ ಮಳೆ. ಗೋಡೆಯಲ್ಲಿ ತೀರಿಹೋದವರ ಪಟ. ಎರಡನೇ ಪುಟದಲ್ಲಿ ‘ಒಂಟಿತನ’ ಅನ್ನುವ ಪದ ಬರುತ್ತದೆ, ಮೂರನೇ ಪುಟದಲ್ಲಿ ಕಣ್ಣೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಹೇಗೂ ಉಂಟು ಮಾರಾಯ್ರೇ. ಯಾರು ಬೇಜಾರಲ್ಲಿದ್ದಾರೆ ಅಂತ ನೋಡಿ ಅದು ಬರುವುದಿಲ್ಲ.

ನಾನು ಕಂಡ ಒಬ್ಬರನ್ನು ಹೇಳುತ್ತೇನೆ. ಆಚೆ ತೋಟದ ಹಿರಿಯರು. ಜೀವಮಾನವೆಲ್ಲ ಅಡಿಕೆ ಮಾಡಿದವರು. ಪ್ರತಿ ಮಳೆಗಾಲ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ನಮ್ಮನೆಗೆ ಬರುತ್ತಾರೆ. ಕೊಡೆ ಮಡಚಿ ಕಂಬಕ್ಕೆ ಒರಗಿಸುತ್ತಾರೆ. ಕೂರುವುದಿಲ್ಲ. ನಿಂತೇ ಕೇಳುತ್ತಾರೆ: ‘ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಹಾಗೇ ಅಲ್ವಾ?’ ಹೌದು ಅನ್ನುತ್ತೇನೆ. ಆ ಲೆಕ್ಕ ನನಗೆ ಕಲಿಸಿದ್ದೇ ಅವರು. ‘ಅಲ್ಲ, ಮರೆತುಹೋಗ್ತದೆ’ ಅಂತ ಹೇಳಿ ಆಮೇಲೆ ಕೂರುತ್ತಾರೆ. ಒಂದೂವರೆ ಗಂಟೆ.

‘ನನಗೆ ಬೇಜಾರಾಗ್ತದೆ’ ಅಂತ ಅವರು ಒಂದು ದಿನವೂ ಹೇಳಿದವರಲ್ಲ. ಒಂಟಿಯಾದವರು ಹಾಗೆ ಹೇಳುವುದೇ ಇಲ್ಲ, ಒಂದು ನೆಪ ಹೂಡುತ್ತಾರೆ. ಕತೆ ಇರುವುದು ಆ ನೆಪದಲ್ಲಿ ಅಂತ ನನ್ನ ಅನಿಸಿಕೆ. ನೀವು ಕಂಡ ನೆಪ ಯಾವುದು? ಹೆಸರು, ಊರು ಬೇಡ.

ಪೆರ್ಲದ ಅಂಗಡಿಯವ:
ಕತೆ ಎಲ್ಲ ನನಗೆ ಗೊತ್ತಾಗುವುದಿಲ್ಲ. ಓದುತ್ತೇನೆ ಅಷ್ಟೇ. ಒಬ್ಬರು ದಿನಾ ಹನ್ನೊಂದು ಗಂಟೆಗೆ ನನ್ನ ಅಂಗಡಿಗೆ ಬಂದು ಒಂದು ಬೆಂಕಿಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾರೆ. ದಿನಾ ಒಂದು. ಬೀಡಿ ಸೇದುವುದಿಲ್ಲ. ಅವರ ಗ್ಯಾಸಿಗೆ ಲೈಟರ್ ಕೊಟ್ಟವನು ನಾನೇ. ಇದು ನೆಪವಾ?

ಬದಿಯಡ್ಕದ ಓದುಗ:
ಅಣ್ಣ, ನೀವು ಒಂದು ಕತೆ ಬರೆದಾಯಿತು.

ಶಾರ್ಜಾದ ಕುಂಬಳೆಯವ:
ಒಂಟಿ ಅಂದಕೂಡಲೇ ಎಲ್ಲರೂ ಮುದುಕರನ್ನೇ ಹಿಡಿದುಕೊಳ್ಳುವುದು ಯಾಕೆ? ನಮ್ಮ ಕೋಣೆಯಲ್ಲಿ ಆರು ಜನ ಇದ್ದೇವೆ. ಎರಡು ಪಾಳಿ. ನಾನು ಏಳುವಾಗ ಮೂವರು ಮಲಗಿರುತ್ತಾರೆ, ನಾನು ಮಲಗುವಾಗ ಮೂವರು ಹೊರಡುತ್ತಾರೆ. ಬೂಟಿನ ಸದ್ದು, ಬಕೆಟ್ ಸದ್ದು ಎಲ್ಲ ಉಂಟು. ಮಾತು ಇಲ್ಲ.

ಅಪ್ಪ ರಾತ್ರಿ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಅಲ್ಲಿ ಈಗ ಎಷ್ಟು ಗಂಟೆ?’ ಊರಿನ ಗಂಟೆಗಿಂತ ಇಲ್ಲಿ ಒಂದೂವರೆ ಗಂಟೆ ಹಿಂದೆ. ಅದು ಬೇಸಿಗೆಗೂ ಅಷ್ಟೇ, ಚಳಿಗೂ ಅಷ್ಟೇ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಮೊದಮೊದಲು ರೇಗುತ್ತಿದ್ದೆ. ಈಗ ಗಂಟೆ ಹೇಳುತ್ತೇನೆ. ಅವರು ‘ಓ, ಅಷ್ಟಾ’ ಅನ್ನುತ್ತಾರೆ. ಮತ್ತೆ ಇಬ್ಬರೂ ಸುಮ್ನೆ. ಆ ಸುಮ್ಮನಿರುವುದಕ್ಕೇ ಫೋನ್ ಮಾಡುವುದೋ ಏನೋ.

ಉಪ್ಪಳದ ಮಾಷ್ಟ್ರು:
ಓದುಗರು ಹೇಳಿದ್ದು ಸರಿ. ಆದರೆ ಮಳೆ ಮತ್ತು ಕಿಟಕಿಗಿಂತ ದೊಡ್ಡ ಪಿಡುಗು ಇನ್ನೊಂದು ಉಂಟು. ದನ.

ರಷ್ಯಾದ ಚೆಕಾಫ್ 1886ರಲ್ಲಿ ಕುದುರೆಗಾಡಿ ಓಡಿಸುವ ಒಬ್ಬ ಮುದುಕನ ಕತೆ ಬರೆದರು. ಅವನ ಮಗ ಸತ್ತಿದ್ದಾನೆ. ಯಾರಿಗಾದರೂ ಹೇಳಬೇಕು. ಯಾರೂ ಕೇಳುವುದಿಲ್ಲ. ಕೊನೆಗೆ ಲಾಯದಲ್ಲಿ ಕುದುರೆಗೆ ಹೇಳುತ್ತಾನೆ. ಈ ಕೊನೆಯನ್ನು ಕೇಳಿದವರೆಲ್ಲ ಮನೆಗೆ ಹೋಗಿ ಒಂದು ಕತೆ ಬರೆಯುತ್ತಾರೆ, ಅದರಲ್ಲಿ ಅಜ್ಜ ಕೊಟ್ಟಿಗೆಗೆ ಹೋಗಿ ದನದ ಹತ್ತಿರ ಮಾತಾಡುತ್ತಾನೆ. ಶಾಲೆಯ ಕತೆ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗಿ ಹೋಗಿ ನನಗೆ ಆ ದನದ ಬಣ್ಣವೂ ಬಾಯಿಪಾಠ ಆಗಿದೆ.

ಮೊದಲನೆಯದಾಗಿ, ನಮ್ಮ ಕಡೆ ದನದ ಹತ್ತಿರ ಮಾತಾಡದವರು ಯಾರಿದ್ದಾರೆ? ಮನೆ ತುಂಬ ಜನ ಇದ್ದಾಗಲೂ ಅಮ್ಮ ಹಾಲು ಕರೆಯುವಾಗ ದನಕ್ಕೆ ಬೈಯುತ್ತಿದ್ದರು, ಸೊಸೆಗೆ ಕೇಳಲಿ ಅಂತ. ಎರಡನೆಯದು, ಚೆಕಾಫರ ಕತೆಯ ಜೀವ ಕುದುರೆಯಲ್ಲಿ ಇಲ್ಲ. ಅದಕ್ಕಿಂತ ಮೊದಲು ಆ ಮುದುಕ ಎಷ್ಟು ಸಲ ಬಾಯಿ ತೆರೆಯುತ್ತಾನೆ ನೋಡಿ. ಗಾಡಿ ಹತ್ತಿದ ಒಬ್ಬ ಮಿಲಿಟರಿ ಅಧಿಕಾರಿಗೆ ಹೇಳಲು ನೋಡುತ್ತಾನೆ. ಆಮೇಲೆ ಮೂವರು ಪಡ್ಡೆ ಹುಡುಗರಿಗೆ. ಆಮೇಲೆ ಒಂದು ಮನೆಯ ಆಳಿಗೆ. ಆಮೇಲೆ ರಾತ್ರಿ ನೀರು ಕುಡಿಯಲು ಎದ್ದ ಒಬ್ಬ ಎಳೆ ಗಾಡಿಯವನಿಗೆ. ಪ್ರತಿ ಸಲವೂ ಮಾತು ಅರ್ಧದಲ್ಲಿ ಕಡಿಯುತ್ತದೆ. ಒಬ್ಬರಿಗೆ ತಡವಾಗಿದೆ, ಇನ್ನೊಬ್ಬನಿಗೆ ನಿದ್ದೆ. ಯಾರೂ ಕೆಟ್ಟವರಲ್ಲ ಅನ್ನುವುದು ಮುಖ್ಯ. ನಾಲ್ಕು ಸಲ ಸೋತ ಮೇಲೆ ಐದನೇ ಸಲ ಕುದುರೆ. ನಮ್ಮವರು ಆ ನಾಲ್ಕನ್ನು ಬಿಟ್ಟು ಸೀದಾ ಕೊಟ್ಟಿಗೆಗೆ ನುಗ್ಗುತ್ತಾರೆ.

ಅಂಕೆಸಂಖ್ಯೆ:
ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಲೋಕದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಇದಕ್ಕೇ ಅಂತ ಒಬ್ಬ ಮಂತ್ರಿಗೆ ಹೊಣೆ ಕೊಟ್ಟವು. ಇಷ್ಟು ದೊಡ್ಡ ವಿಷಯವನ್ನು ಬೆಂಕಿಪೆಟ್ಟಿಗೆಯಲ್ಲಿ ತುಂಬಿಸಿದರೆ ಸಾಕಾ?

ಉಪ್ಪಳದ ಮಾಷ್ಟ್ರು:
ಮಂತ್ರಿಗಳು ಬಂದು ಅಂಗಡಿಯ ಬೆಂಚಿನಲ್ಲಿ ಕೂರುತ್ತಾರಾದರೆ ನಮ್ಮದೇನೂ ತಕರಾರಿಲ್ಲ.

ಬಾಯಾರಿನ ಹುಡುಗ:
ನಾನು ಒಂದು ಕತೆ ಯೋಚಿಸಿದ್ದೇನೆ. ನೀರಿಗೆ ಸುರಂಗ ತೋಡುವ ಮುದುಕ. ಗುಡ್ಡದೊಳಗೆ ಒಬ್ಬನೇ, ಕತ್ತಲು, ಮೇಣದಬತ್ತಿ. ಸುರಂಗವೇ ಅವನ ಒಂಟಿತನದ ಸಂಕೇತ. ಹೇಗೆ?

ಮುಳ್ಳೇರಿಯದ ಅಕ್ಕ:
ಸಂಕೇತ ಬೇಡ ತಮ್ಮ. ನಮ್ಮ ಮನೆಗೆ ಈಗಲೂ ಸುರಂಗದ ನೀರೇ. ಪಂಪು ಇಲ್ಲ, ತಾನಾಗಿ ಹರಿದು ಬರುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ತೋಡಿಕೊಂಡು ಹೋಗುವುದು. ಅದು ಒಬ್ಬನೇ ಮಾಡುವ ಕೆಲಸ ಅಲ್ಲ. ಒಬ್ಬ ಒಳಗೆ ಕೂತು ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಎಳೆದು ಹೊರಗೆ ಹಾಕುತ್ತಾನೆ. ಬತ್ತಿ ಉರಿಯುವುದು ಬೆಳಕಿಗೆ ಮಾತ್ರ ಅಲ್ಲ. ಅದು ನಂದಿದರೆ ಒಳಗೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು.

ನಿನ್ನ ಕತೆಗೆ ನಾನಾದರೆ ಹೊರಗಿನವನನ್ನು ಹಿಡಿಯುತ್ತೇನೆ. ವರ್ಷಗಟ್ಟಲೆ ಒಳಗಿನ ಪಿಕಾಸಿಯ ಸದ್ದು ಕೇಳುತ್ತ ಕೂತವನು. ಸದ್ದು ನಿಂತರೆ ‘ಹೋಯ್’ ಅಂತ ಕೂಗುವವನು. ಈಗ ಎಲ್ಲರೂ ಬೋರ್‌ವೆಲ್ ತೋಡಿಸುತ್ತಾರೆ, ಅವರಿಬ್ಬರಿಗೂ ಕೆಲಸ ಇಲ್ಲ. ಪೇಟೆಯಲ್ಲಿ ಎದುರು ಸಿಕ್ಕಿದರೆ ಅವರಿಬ್ಬರು ಏನು ಮಾತಾಡುತ್ತಾರೆ? ಮುಖ ನೋಡಿ ಮಾತಾಡಿ ಅಭ್ಯಾಸವೇ ಇಲ್ಲ ಅವರಿಗೆ.

ಬಾಯಾರಿನ ಹುಡುಗ:
ಅಕ್ಕ, ಇದನ್ನು ನಾನು ಕದಿಯುತ್ತೇನೆ.

ಗಡಿನಾಡು:
ಎಲ್ಲರೂ ಮನೆಯೊಳಗಿನ ವಿಷಯ ಹೇಳುತ್ತಿದ್ದೀರಿ. 1956ರ ನವೆಂಬರ್ 1ಕ್ಕೆ ಗಡಿ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ ಇಲ್ಲಿನ ಕನ್ನಡಿಗರು ಪೂರ್ತಿ ಒಂಟಿಯಾದರಲ್ಲ, ಅದನ್ನು ಯಾರೂ ಬರೆಯುವುದಿಲ್ಲವಾ? ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಜೀವನಪೂರ್ತಿ ಅದನ್ನೇ ಹೇಳುತ್ತ ಹೋದರು. ಅವರ ಬದಿಯಡ್ಕದಲ್ಲೇ ಕೂತು ನೀವು ಮೈಲುತುತ್ತಿನ ಬಗ್ಗೆ ಬರೆಯುತ್ತೀರಿ.

ಬದಿಯಡ್ಕದ ಓದುಗ:
ರೈಗಳ ಬಗ್ಗೆ ನನಗೂ ಗೌರವ ಉಂಟು. ಆದರೆ ಅದು ದೂರು, ಒಂಟಿತನ ಅಲ್ಲ. ದೂರು ಹೇಳಲು ಹತ್ತು ಜನ ಸೇರುತ್ತಾರೆ, ಮೈಕ್ ಇರುತ್ತದೆ, ಕೊನೆಗೆ ಚಹಾ ಕೊಡುತ್ತಾರೆ. ಸಭೆ ಮುಗಿದು ಒಬ್ಬನೇ ಕೊನೆಯ ಬಸ್ಸಿಗೆ ಕಾಯುತ್ತ ನಿಂತವನು ಕತೆಗೆ ಸಿಗುತ್ತಾನೆ.

ಗಡಿನಾಡು:
ಸರಿ, ಒಪ್ಪಿದೆ ಅಂತ ಅಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ನನ್ನ ತಂಗಿ ಮಂಗಳೂರಲ್ಲಿ, ಅಮ್ಮ ಮಂಜೇಶ್ವರದಲ್ಲಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಮ್ಮ ಗಲ್ಫಿನಲ್ಲಿರುವ ಅಣ್ಣನ ಹತ್ತಿರ ಮಾತಾಡುವ ಹಾಗೆ ತಂಗಿಯ ಹತ್ತಿರ ಮಾತಾಡಲು ಶುರು ಮಾಡಿದರು. ‘ಅಲ್ಲಿ ಮಳೆ ಉಂಟಾ?’ ಅಂತ. ಇಲ್ಲಿ ಬಂದ ಮೋಡವೇ ಅಲ್ಲಿಗೆ ಹೋಗುವುದು!

ಮುಳ್ಳೇರಿಯದ ಅಕ್ಕ:
ನೋಡಿ, ಈಗ ನೀವು ಕತೆ ಹೇಳಿದಿರಿ. ಗಡಿಯ ವಿಷಯ ಇದೇ ಬಾಗಿಲಿನಿಂದ ಬರಬೇಕು ಅಂತ ನನಗೆ ಕಾಣುತ್ತದೆ.

ನಾನೂ ಒಂದು ಬರೆದಿದ್ದೇನೆ. ಇಡೀ ಕತೆ ಹಾಕುವುದಿಲ್ಲ, ಮುಖ್ಯ ಭಾಗ ಮಾತ್ರ. ಹೇಳುವವನು ಪಕ್ಕದ ಮನೆಯ ಹುಡುಗ. ಪಿ.ಎಸ್‌.ಸಿ. ಪರೀಕ್ಷೆಗೆ ಓದುತ್ತಿದ್ದಾನೆ, ಸರಕಾರಿ ಕೆಲಸಕ್ಕೆ ಅಂತ.

‘ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಡಚಿದ ಕಾಗದ ತೆಗೆದರು. “ಮಲಯಾಳದಲ್ಲಿ ಉಂಟು ಮಗ. ಎಂತ ಬರೆದಿದ್ದಾರೆ ನೋಡು.”

ಕರೆಂಟ್ ಬಿಲ್ಲು. ಮಿಷನಿನಿಂದ ಹರಿದು ಕೊಡುವ ಆ ನಯ ಕಾಗದ. ನಾನು ಓದಿದೆ. 412 ರೂಪಾಯಿ.

“ಅಷ್ಟಾ? ನಾನು ಒಂದೇ ಲೈಟು ಹಾಕುವುದು. ಅಡಿಗೆಮನೆಯದ್ದು.”

ಅಡಿಗೆಮನೆಯ ಲೈಟಿನಿಂದ ಮಾತು ಹಲ್ಲಿಗೆ ಹೋಯಿತು, ಹಲ್ಲಿಯಿಂದ ಮಾಡಿಗೆ, ಮಾಡಿನಿಂದ ಓಡು ಹಾಕಿದ ವರ್ಷಕ್ಕೆ. ಅಮ್ಮ ಚಹಾ ತಂದರು. ಅಜ್ಜಿ ಹೋಗುವಾಗ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಗಂಟು ಹಾಕಿದರು.

ಇಪ್ಪತ್ತು ದಿನ ಬಿಟ್ಟು ಪುನಃ ಬಂದರು. “ಇದೊಂದು ನೋಡು ಮಗ.” 412 ರೂಪಾಯಿ. ಅದೇ ದಿನಾಂಕ. ನಾನು ತಲೆ ಎತ್ತಿದೆ. ಅಜ್ಜಿ ಅಂಗಳದಲ್ಲಿ ಒಣಹಾಕಿದ ಅಡಿಕೆ ನೋಡುತ್ತಿದ್ದರು.

“ನಾನ್ನೂರ ಹನ್ನೆರಡು ಅಜ್ಜಿ.”

“ಅಷ್ಟಾ?”

ಮಳೆಗಾಲ ಶುರುವಾಗುವ ಹೊತ್ತಿಗೆ ಕಾಗದದ ಮಡಿಕೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಮಸಿ ಹೋಗುತ್ತ ಬಂದಿತ್ತು. ಮೊದಲು ದಿನಾಂಕ ಹೋಯಿತು. ಆಮೇಲೆ ಅಜ್ಜಿಯ ಹೆಸರು. ಕರ್ಕಾಟಕ ಸಂಕ್ರಮಣದ ಮರುದಿನ ಬಂದಾಗ ಕಾಗದ ಪೂರ್ತಿ ಬಿಳಿ.

ನಾನು ಅದನ್ನು ಬೆಳಕಿಗೆ ಹಿಡಿದೆ. “ಈ ಸಲ ಸ್ವಲ್ಪ ಜಾಸ್ತಿ ಬಂದಿದೆ ಅಜ್ಜಿ,” ಅಂದೆ.’

ಶಾರ್ಜಾದ ಕುಂಬಳೆಯವ:
ನಾನು ಇದನ್ನು ಪಾಳಿ ಮುಗಿಸಿ ಬಸ್ಸಿನಲ್ಲಿ ಓದಿದೆ. ಇಳಿಯುವ ಸ್ಟಾಪು ತಪ್ಪಿಹೋಯಿತು.

ಅಂಕೆಸಂಖ್ಯೆ:
ಒಂದು ತಪ್ಪು ಉಂಟು. ಭಾಷೆ ಯಾವುದಾದರೂ ಅಂಕೆ ಒಂದೇ ಅಲ್ವಾ? ಬಿಲ್ಲಿನಲ್ಲಿ 412 ಅಂತ ಇದ್ದರೆ ಅಜ್ಜಿಗೆ ಓದಲು ಮಲಯಾಳ ಯಾಕೆ ಬೇಕು? ಸಂತೆಯಲ್ಲಿ ವ್ಯಾಪಾರ ಮಾಡುವ ಅಜ್ಜಿಗೆ ಅಷ್ಟೂ ಗೊತ್ತಾಗುವುದಿಲ್ಲವಾ?

ಮುಳ್ಳೇರಿಯದ ಅಕ್ಕ:
ಗೊತ್ತಾಗುತ್ತದೆ.

ಅಂಕೆಸಂಖ್ಯೆ:
ಓ.

ಉಪ್ಪಳದ ಮಾಷ್ಟ್ರು:
ನೀವು ತಪ್ಪು ಅಂದುಕೊಂಡದ್ದೇ ಕತೆಯ ಕೀಲಿ. ನೆಪದಲ್ಲಿ ಒಂದು ತೂತು ಇರಬೇಕು. ತೂತು ಇಲ್ಲದಿದ್ದರೆ ಅದು ನಿಜವಾದ ಕೆಲಸ ಆಗಿಹೋಗುತ್ತದೆ, ನೆಪ ಆಗುವುದಿಲ್ಲ. ಲೆಕ್ಕ ಕಲಿಸಿದವರೇ ಲೆಕ್ಕ ಕೇಳುವುದು, ಲೈಟರ್ ಇದ್ದವರು ಬೆಂಕಿಪೆಟ್ಟಿಗೆ ಕೊಳ್ಳುವುದು, ಎಲ್ಲ ಹಾಗೇ. ತೂತು ಇಬ್ಬರಿಗೂ ಕಾಣುತ್ತದೆ, ಇಬ್ಬರೂ ಹೇಳುವುದಿಲ್ಲ. ಆದರೆ ಅಕ್ಕ, ಒಂದು ಮಾತು. ಕಾಗದ ಪೂರ್ತಿ ಬಿಳಿಯಾಗುವುದು ಸ್ವಲ್ಪ ಜಾಣತನ ಆಯಿತೋ ಅಂತ. ಎರಡನೇ ‘ಅಷ್ಟಾ?’ಗೆ ನಿಲ್ಲಿಸಿದ್ದರೆ?

ಮುಳ್ಳೇರಿಯದ ಅಕ್ಕ:
ಮಾಷ್ಟ್ರೇ, ನಾನು ಅದನ್ನು ಕಲ್ಪನೆ ಮಾಡಿದ್ದಲ್ಲ. ನನ್ನ ಮನೆಯ ಕಪಾಟಿನಲ್ಲಿ ಹಳೇ ಬಿಲ್ಲುಗಳ ಕಟ್ಟು ಉಂಟು, ತೆಗೆದು ನೋಡಿದರೆ ಎಲ್ಲ ಬಿಳಿ ಚೀಟಿ. ಅಲ್ಲಿಂದಲೇ ಕತೆ ಹುಟ್ಟಿದ್ದು. ನನ್ನ ಹೆದರಿಕೆ ಬೇರೆ. ಹುಡುಗ ತುಂಬ ಒಳ್ಳೆಯವನಾಗಿಬಿಟ್ಟ. ಒಂದು ಸಲವೂ ರೇಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಿರುವ ಹುಡುಗ ಹಾಗೆ ಇರುತ್ತಾನಾ?

ಸೊಸೈಟಿ ಕೆಲಸದವಳು:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದು ನನಗೆ ಸಂಬಂಧಪಟ್ಟ ಮಾತು, ಹಾಗಾಗಿ ಬರೆಯುತ್ತೇನೆ.

ನಮ್ಮಲ್ಲಿ ಕ್ಷೇಮ ಪಿಂಚಣಿ ಕೆಲವರಿಗೆ ಬ್ಯಾಂಕಿಗೆ ಬರುತ್ತದೆ, ಕೆಲವರಿಗೆ ಸಹಕಾರಿ ಸಂಘದವರು ಮನೆಗೆ ತಂದುಕೊಡುತ್ತಾರೆ. ಹಾಗೆ ತಂದುಕೊಡುವವಳು ನಾನು. ಪಟ್ಟಿ ಉದ್ದ ಇರುತ್ತದೆ. ಸ್ಕೂಟರ್ ಹೋಗದ ಕಡೆ ಇಳಿದು ತೋಟದ ಸಂಕ ದಾಟಿ ನಡೆಯಬೇಕು. ಸಂಜೆಯೊಳಗೆ ಮುಗಿಸಿ ಲೆಕ್ಕ ಒಪ್ಪಿಸಬೇಕು. ಎಲ್ಲ ಮನೆಯಲ್ಲೂ ಚಹಾ ಕುಡಿದರೆ ಆಗುವ ಕೆಲಸ ಅಲ್ಲ.

ಒಬ್ಬರು ಅಜ್ಜಿ ನೋಟು ಎಣಿಸಿ ‘ಒಂದು ಕಡಿಮೆ ಉಂಟಲ್ಲ’ ಅಂದರು. ನಾನು ಪುನಃ ಎಣಿಸಿದೆ, ಸರಿ ಇತ್ತು. ‘ನನ್ನ ಕೈಯಲ್ಲಿ ಎಣಿಸಿದರೆ ಕಡಿಮೆ ಆಗ್ತದೆ, ಇನ್ನೊಮ್ಮೆ ಎಣಿಸು’ ಅಂದರು. ಇನ್ನೊಮ್ಮೆ ಎಣಿಸಿದೆ. ಮುಂದಿನ ಸಲವೂ ಅದೇ. ಮೂರನೇ ಸಲ ನನಗೆ ಸಿಟ್ಟು ಬಂತು. ನನ್ನನ್ನು ಕಳ್ಳಿ ಅಂದುಕೊಂಡಿದ್ದಾರಾ ಅಂತ. ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆದು ಅವರ ಎದುರು ಎಣಿಸಿ, ಸಹಿ ಹಾಕಿಸಿ ಬಂದೆ. ಅಜ್ಜಿಯ ಮುಖ ಸಣ್ಣದಾಯಿತು. ಆಮೇಲಿನಿಂದ ಅವರು ಎಣಿಸುವುದೇ ಇಲ್ಲ. ತೆಗೆದುಕೊಂಡು ತಲೆದಿಂಬಿನ ಅಡಿಗೆ ಹಾಕುತ್ತಾರೆ. ನನಗೆ ಹತ್ತು ನಿಮಿಷ ಉಳಿಯುತ್ತದೆ.

ನಿನ್ನೆ ರಾತ್ರಿ ಈ ಚರ್ಚೆ ಓದುವವರೆಗೆ ನಾನು ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಮುಳ್ಳೇರಿಯದ ಅಕ್ಕ:
ತಂಗೀ, ನಿಮ್ಮ ತಪ್ಪು ಅಂತ ನನಗೆ ಅನಿಸುವುದಿಲ್ಲ. ನಿಮಗೂ ಮನೆಗೆ ಹೋಗಬೇಕು. ಆದರೆ ನನ್ನ ಕತೆಯಲ್ಲಿ ಇಲ್ಲದ್ದು ಇದೇ. ಹುಡುಗ ಒಂದು ಸಲ ‘ಅಜ್ಜಿ, ಇದು ಹಳೇ ಬಿಲ್ಲು’ ಅಂತ ಹೇಳಲೇಬೇಕು. ಹೇಳಿದ ಮೇಲೆ ಅಜ್ಜಿ ಒಂದು ತಿಂಗಳು ಬರಬಾರದು. ಅವನಿಗೆ ಓದಲು ಬೇಕಾದಷ್ಟು ಹೊತ್ತು ಸಿಗಬೇಕು. ಆಮೇಲೆ ಬಿಳಿ ಕಾಗದ.

ಬದಿಯಡ್ಕದ ಓದುಗ:
ಆ ಒಂದು ತಿಂಗಳನ್ನು ಹೇಗೆ ಬರೆಯುತ್ತೀರಿ? ಕಿಟಕಿ, ಮಳೆ ತರಬೇಡಿ ದಮ್ಮಯ್ಯ.

ಮುಳ್ಳೇರಿಯದ ಅಕ್ಕ:
ತರುವುದಿಲ್ಲ. ಅಮ್ಮ ಹತ್ತು ಗಂಟೆಗೆ ಒಂದು ಲೋಟ ಚಹಾ ಜಾಸ್ತಿ ಮಾಡುತ್ತಾರೆ. ಯಾರೂ ಬರುವುದಿಲ್ಲ. ಹುಡುಗ ಎರಡು ಲೋಟ ಕುಡಿಯುತ್ತಾನೆ. ಅಷ್ಟು ಸಾಕು ಅಂತ ಕಾಣುತ್ತದೆ. ಅಜ್ಜಿಯನ್ನು ಪುನಃ ಹೇಗೆ ಕರೆತರುವುದು ಅಂತ ಮಾತ್ರ ಗೊತ್ತಾಗುತ್ತಿಲ್ಲ. ಮುಖ ಮುರಿದ ಮೇಲೆ ಅಜ್ಜಿ ತಾನಾಗಿ ಬರುವ ಜಾತಿ ಅಲ್ಲ. ಹುಡುಗನೇ ಏನಾದರೂ ಮಾಡಬೇಕು, ಆದರೆ ‘ಬೇಜಾರು ಮಾಡಬೇಡಿ ಅಜ್ಜಿ, ಬನ್ನಿ’ ಅಂದರೆ ಕತೆ ಸತ್ತಿತು.

ಬಾಯಾರಿನ ಹುಡುಗ:
ಅವನೇ ಬಿಲ್ಲು ತೆಗೆದುಕೊಂಡು ಅಜ್ಜಿಯ ಮನೆಗೆ ಹೋದರೆ?

ಉಪ್ಪಳದ ಮಾಷ್ಟ್ರು:
ಯಾಕೆ ಅಂತ ಹೋಗುತ್ತಾನೆ? ಅವನಿಗೂ ಒಂದು ನೆಪ ಬೇಡವಾ?

ಪೆರ್ಲದ ಅಂಗಡಿಯವ:
ಮಾಷ್ಟ್ರು ಹೇಳಿದ್ದಕ್ಕೆ ಉತ್ತರ ಅಲ್ಲ ಇದು. ಇವತ್ತು ಆದದ್ದು, ಸುಮ್ನೆ ಹೇಳುತ್ತೇನೆ.

ಹನ್ನೊಂದಕ್ಕೆ ಅವರು ಬಂದರು. ಬೆಂಕಿಪೆಟ್ಟಿಗೆ ಮುಗಿದಿದೆ ಅಂತ ಹೇಳಿದೆ. ಸುಳ್ಳು, ಕಪಾಟಿನಲ್ಲಿ ಒಂದು ಡಜನ್ ಉಂಟು. ಕಂಪನಿಯ ವ್ಯಾನು ಹನ್ನೊಂದೂವರೆಗೆ ಬರುತ್ತದೆ, ಕೂತಿರಿ ಅಂದೆ. ಕೂತರು. ಅಕ್ಕಿ ಚೀಲದ ಹತ್ತಿರದ ಸ್ಟೂಲಿನಲ್ಲಿ. ಅಡಿಕೆಯ ರೇಟು, ಅವರ ಮಗನ ಮನೆಯ ಲಿಫ್ಟು, ಅನಂತಪುರದ ಕೆರೆಯಲ್ಲಿ ಇದ್ದ ಮೊಸಳೆ, ಎಲ್ಲ ಬಂತು. ನಡುವೆ ಎರಡು ಗಿರಾಕಿಗಳಿಗೆ ಅವರೇ ಎದ್ದು ಸೀಯಾಳ ತೆಗೆದುಕೊಟ್ಟರು. ವ್ಯಾನು ಬರಲಿಲ್ಲ. ಅದು ಬರುವುದು ಗುರುವಾರ.

ಹನ್ನೆರಡೂವರೆಗೆ ಊಟದ ಹೊತ್ತಾಯಿತು ಅಂತ ಎದ್ದರು. ಮೆಟ್ಟಿಲು ಇಳಿದು ಚಪ್ಪಲಿ ಹಾಕುತ್ತ, ನನ್ನ ಕಡೆ ನೋಡದೆ ಕೇಳಿದರು: ‘ಇವತ್ತು ಮಂಗಳವಾರ ಅಲ್ವಾ?’

ಹೌದು ಅಂದೆ.

‘ಹಾಗಾದರೆ ನಾಳೆಯೂ ವ್ಯಾನಿಗೆ ಕಾಯಬೇಕಾದೀತು,’ ಅಂತ ಹೇಳಿ ಹೋದರು.